ನಂದಿ ಬೆಟ್ಟವನ್ನು ಯಾರ್ಯಾರು, ಯಾಕೆ ಹತ್ತಿದರು?

ಶನಿವಾರ, ಭಾನುವಾರ ಬಂತೆಂದರೆ ಬೆಂಗಳೂರಿನಿಂದ ಉತ್ತರಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಕೋಳಿ ಕೂಗುವುದಕ್ಕೂ ಮುಂಚೆಯೇ ಬೈಕು, ಕಾರುಗಳ ಸಾಲು ಶುರುವಾಗುತ್ತದೆ. ಒಂದಿಷ್ಟು ಗಾಡಿಗಳು ವಿಮಾನ ನಿಲ್ದಾಣದ ಕಡೆ ತಿರುಗುತ್ತವೆ. ಇನ್ನೊಂದಿಷ್ಟು ಮುಂದಕ್ಕೆ ಹೋಗಿ ದೇವನಹಳ್ಳಿ ದಾಟಿ ಎಡಕ್ಕೆ ಹೊರಳುತ್ತವೆ. ಅವುಗಳ ಗುರಿ ಸುಮಾರು 60 ಕಿಲೋಮೀಟರ್ ದೂರದ, ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟ. ಗೆಳೆಯರ ಗುಂಪು, ಹೊಸದಾಗಿ ಮದುವೆಯಾದ ಜೋಡಿ, ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದ ಅಪ್ಪ ಅಮ್ಮ, ಸೈಕಲ್ ತುಳಿದೇ ಬಂದವರು, ಎಲ್ಲರಿಗೂ ಬೇಕಾಗಿರುವುದು ಒಂದೇ: ಮೋಡದ ಮೇಲೆ ಸೂರ್ಯ ಹುಟ್ಟುವುದನ್ನು ನೋಡಬೇಕು.

ಇದು ಐಟಿ ಕಾಲದ ಹುಚ್ಚು ಎಂದು ಹಲವರು ಮೂಗು ಮುರಿಯುತ್ತಾರೆ. ಹಾಗೇನಿಲ್ಲ. ಬಯಲಿನಿಂದ ಈ ಬೆಟ್ಟಕ್ಕೆ ಜನ ಹತ್ತುತ್ತಿರುವುದು ಸಾವಿರ ವರ್ಷಕ್ಕೂ ಹಳೆಯ ರೂಢಿ. ಕಾರಣ ಮಾತ್ರ ಕಾಲಕ್ಕೊಂದು. ದೇವರಿಗಾಗಿ ಹತ್ತಿದರು, ಕೋಟೆಗಾಗಿ ಹತ್ತಿದರು, ತಂಪಿಗಾಗಿ ಹತ್ತಿದರು, ಈಗ ರಜೆಗಾಗಿ ಹತ್ತುತ್ತಿದ್ದಾರೆ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಈ ಚರಿತ್ರೆಯಲ್ಲಿ ಕುತೂಹಲ ಹುಟ್ಟಿಸುವುದು ಬೆಟ್ಟದ ತುದಿಯಷ್ಟೇ ಅಲ್ಲ. ತುದಿಗೆ ಯಾರು ಬಂದರೂ ಅವರನ್ನು ಕೆಳಗಿನಿಂದ ನೋಡುತ್ತಲೇ ಇರುವ ಬುಡದ ಊರುಗಳ ಕಥೆಯೂ ಇದರಲ್ಲಿದೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಮಾತ್ರ ನಂದಿಯ ಚರಿತ್ರೆ ಪೂರ್ತಿಯಾಗುತ್ತದೆ ಎಂಬುದು ನಮ್ಮ ಅನಿಸಿಕೆ.

ಕೆಳಗೆ ಭೋಗ, ಮೇಲೆ ಯೋಗ

ಕಾರಿನಲ್ಲಿ ನೇರ ತುದಿಗೆ ಹೋಗುವವರು ಸಾಮಾನ್ಯವಾಗಿ ತಪ್ಪಿಸಿಕೊಳ್ಳುವುದು ಬುಡದ ನಂದಿ ಗ್ರಾಮವನ್ನು. ಅಲ್ಲಿರುವ ಭೋಗನಂದೀಶ್ವರ ದೇವಸ್ಥಾನ ಕರ್ನಾಟಕದ ಅತಿ ಹಳೆಯ ಗುಡಿಗಳಲ್ಲಿ ಒಂದು. 9ನೇ ಶತಮಾನದ ಆರಂಭದ ಶಾಸನಗಳಲ್ಲೇ ಇದರ ಪ್ರಸ್ತಾಪವಿದೆ. ಬಾಣರು, ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಹೀಗೆ ಬಂದವರೆಲ್ಲ ಒಂದೊಂದು ಕಂಬ, ಒಂದೊಂದು ಮಂಟಪ ಸೇರಿಸುತ್ತಾ ಹೋಗಿದ್ದಾರೆ.

ಇಲ್ಲಿ ಸಾಲಾಗಿ ಮೂರು ಗರ್ಭಗುಡಿಗಳಿವೆ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ನಡುವಿನ ಉಮಾಮಹೇಶ್ವರ ಮದುವೆ ಎಂಬುದು ಸ್ಥಳೀಯ ನಂಬಿಕೆ. ಸಂಸಾರ ಮುಗಿಸಿ ವಿರಕ್ತನಾದ ಶಿವ ಬೆಟ್ಟದ ತುದಿಯಲ್ಲಿ ಯೋಗನಂದೀಶ್ವರನಾಗಿ ಕೂತಿದ್ದಾನೆ. ಅದಕ್ಕೇ ಕೆಳಗಿನ ಗುಡಿಯಲ್ಲಿ ಸಡಗರ, ಮೇಲಿನದರಲ್ಲಿ ಆಡಂಬರವಿಲ್ಲ. ಹೊಸ ದಂಪತಿ ಕೈ ಮುಗಿಯಲು ಬರುವುದು ಕೆಳಗಿನ ಗುಡಿಗೆ.

ಅಂದರೆ ಹಳಬರ ಲೆಕ್ಕದಲ್ಲಿ ಬೆಟ್ಟ ಮತ್ತು ಬುಡ ಬೇರೆ ಬೇರೆ ಅಲ್ಲ. ಒಂದೇ ಬದುಕಿನ ಎರಡು ತುದಿ. ಮೇಲೆ ಹೋಗಬೇಕಾದರೆ ಕೆಳಗಿನದನ್ನು ಹಾದೇ ಹೋಗಬೇಕು. ಮಹಾಶಿವರಾತ್ರಿಗೆ ನಂದಿಯಲ್ಲಿ ದೊಡ್ಡ ತೇರು ಎಳೆಯುತ್ತಾರೆ. ಸುತ್ತಲಿನ ಊರುಗಳ ಜನರೆಲ್ಲ ಅಲ್ಲಿರುತ್ತಾರೆ, ಜಾತ್ರೆಯ ನೆಪದಲ್ಲಿ ಬೀಗರು, ನೆಂಟರು ಕೂಡುತ್ತಾರೆ.

ಇನ್ನೊಂದು ಆಚರಣೆಯನ್ನು ಚಾರಣಿಗರು ವಿಶೇಷವಾಗಿ ಗಮನಿಸಬೇಕು. ಆಷಾಢ ಮಾಸದ ಸೋಮವಾರ ಇಲ್ಲಿ ಗಿರಿ ಪ್ರದಕ್ಷಿಣೆ ನಡೆಯುತ್ತದೆ. ಹೆಂಗಸರು, ಗಂಡಸರು, ಮಕ್ಕಳು, ಮುದುಕರು ಸೇರಿ ಬರಿಗಾಲಲ್ಲಿ ಭಜನೆ ಹೇಳುತ್ತಾ ಬೆಟ್ಟದ ಸುತ್ತ ನಡೆಯುತ್ತಾರೆ. ಬೆಟ್ಟವನ್ನು ಹತ್ತುವ ನಡಿಗೆ ಅಲ್ಲ ಇದು, ಬೆಟ್ಟವನ್ನು ಸುತ್ತುವ ನಡಿಗೆ. ಸುತ್ತುವಾಗ ಬೆಟ್ಟಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಅದರ ಮಗ್ಗುಲಿನ ಊರು, ಕೆರೆ, ತೋಟ, ಹೊಲ. ಕುಟುಂಬ ಸಮೇತ ಬೆಟ್ಟದ ನಡಿಗೆ ಹೋಗುವುದು ನಮ್ಮಲ್ಲಿ ಹೊರಗಿನಿಂದ ಬಂದದ್ದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಕೋಟೆಯ ಕಾಲ

ಮೂರು ಕಡೆ ಕಡಿದಾದ ಬಂಡೆ, ತುದಿಯಲ್ಲಿ ನೀರಿನ ಆಸರೆ. ಇಷ್ಟಿದ್ದ ಮೇಲೆ ಆಳುವವರು ಸುಮ್ಮನಿರುತ್ತಾರೆಯೇ? ಚಿಕ್ಕಬಳ್ಳಾಪುರದ ಪಾಳೇಗಾರರ ಕೈಯಲ್ಲಿದ್ದ ನಂದಿದುರ್ಗ ಹೈದರ್ ಅಲಿಯ ವಶವಾಯಿತು. ಹೈದರ್ ಮತ್ತು ಟಿಪ್ಪು ಸುಲ್ತಾನ್ ಇದರ ಕೋಟೆಯನ್ನು ಬಲಪಡಿಸಿದರು. ಬೇಸಿಗೆಯಲ್ಲಿ ಟಿಪ್ಪು ತಂಗುತ್ತಿದ್ದನೆಂದು ಹೇಳುವ ಚಿಕ್ಕ ಅರಮನೆ ಇಂದಿಗೂ ಅಲ್ಲಿದೆ. ಬುಡದಿಂದ ಮೆಟ್ಟಿಲು ದಾರಿ ಶುರುವಾಗುವ ಊರಿನ ಹೆಸರೇ ಸುಲ್ತಾನ್‌ಪೇಟೆ.

ಮೂರನೇ ಮೈಸೂರು ಯುದ್ಧದಲ್ಲಿ, 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ ಲಾರ್ಡ್ ಕಾರ್ನ್‌ವಾಲಿಸ್‌ಗೆ ಬೆನ್ನ ಹಿಂದೆ ಈ ಬೆಟ್ಟದ ಕೋಟೆ ಇರುವುದು ತಲೆನೋವಾಗಿತ್ತು. ಕಂಪನಿಯ ಸೈನ್ಯ ಕಡಿದಾದ ಇಳಿಜಾರಿನಲ್ಲಿ ಫಿರಂಗಿ ಎಳೆದು ತಂದು, ವಾರಗಟ್ಟಲೆ ಗೋಡೆಗೆ ಗುಂಡು ಹೊಡೆದು, 1791ರ ಅಕ್ಟೋಬರ್ 19ರ ಬೆಳಗಿನ ಜಾವ ಬೆಳದಿಂಗಳಲ್ಲಿ ಒಳನುಗ್ಗಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಾವನದುರ್ಗವೂ ಬಿತ್ತು. ಇಂದು ಬೆಂಗಳೂರಿನ ಸುತ್ತ ನಾವು ವಾರಾಂತ್ಯಕ್ಕೆ ಹತ್ತುವ ಹಲವು ಬೆಟ್ಟಗಳ ಹೆಸರಿನ ಕೊನೆಗೆ 'ದುರ್ಗ' ಎಂದಿರುವುದು ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಎಂದು ಈಗ ಕರೆಯುವ ಕಳವಾರದುರ್ಗ, ಇವೆಲ್ಲ ಒಂದು ಕಾಲಕ್ಕೆ ಕಾವಲಿನ ನೆಲೆಗಳು. ನಾವು ಸೆಲ್ಫಿ ತೆಗೆಯುವ ಅಂಚಿನಲ್ಲಿ ನಿಂತು ಸಿಪಾಯಿಯೊಬ್ಬ ದೂರದ ಧೂಳನ್ನು ನೋಡುತ್ತಿದ್ದ.

ಆ ಫಿರಂಗಿ ಎಳೆದ ಎತ್ತುಗಳು ಯಾರ ಹಟ್ಟಿಯವು, ಮುತ್ತಿಗೆಯ ವಾರಗಳಲ್ಲಿ ಬುಡದ ಹೊಲಗಳ ರಾಗಿಯನ್ನು ಯಾರು ಕೊಯ್ದರು ಎಂಬುದನ್ನು ಯುದ್ಧದ ವರದಿಗಳು ಕೇಳುವುದಿಲ್ಲ. ಅಕ್ಟೋಬರ್ ಎಂದರೆ ಈ ಸೀಮೆಯಲ್ಲಿ ರಾಗಿ ತೆನೆ ತುಂಬುವ ಹೊತ್ತು.

ತಂಪು ಹುಡುಕಿ ಬಂದವರು

ಯುದ್ಧ ಮುಗಿದ ಮೇಲೆ ಕೋಟೆಗೆ ಕೆಲಸವಿಲ್ಲ. ಆದರೆ ಬೆಟ್ಟಕ್ಕೆ ಹೊಸ ಕೆಲಸ ಸಿಕ್ಕಿತು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶ ನೆಲೆಯಾಯಿತು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ನೇರವಾಗಿ ಕೈಗೆ ತೆಗೆದುಕೊಂಡರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಅದೇ ಕಬ್ಬನ್, ಬೇಸಿಗೆ ಕಳೆಯಲು ನಂದಿಯನ್ನು ಆರಿಸಿಕೊಂಡರು. ಅವರಿಗಾಗಿ ತುದಿಯಲ್ಲಿ ಕಟ್ಟಿದ ಬಂಗಲೆಯೇ ಇಂದಿನ ನೆಹರು ನಿಲಯ.

ಎಷ್ಟು ತಂಪು? ಲೆಕ್ಕ ಸರಳ. ನೂರು ಮೀಟರ್ ಮೇಲೆ ಹೋದಂತೆ ಗಾಳಿ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ತಣ್ಣಗಾಗುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ ಅದಕ್ಕಿಂತ 550 ಮೀಟರ್ ಮೇಲೆ. ಹಾಗಾಗಿ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ. ಜೊತೆಗೆ ತುದಿಯ ಮರಗಳ ನೆರಳು, ಬೀಸುವ ಗಾಳಿ. ಚಳಿಗಾಲದ ರಾತ್ರಿ ಬಯಲಿನ ನೆಲ ಬೇಗ ತಣ್ಣಗಾಗಿ, ತಗ್ಗಿನಲ್ಲಿ ನಿಂತ ತೇವದ ಗಾಳಿ ಮಂಜಾಗುತ್ತದೆ. ಅದು ಬೆಟ್ಟದ ಸೊಂಟದವರೆಗೆ ಮಾತ್ರ ತುಂಬಿಕೊಂಡ ದಿನ ತುದಿಯಲ್ಲಿ ನಿಂತವರಿಗೆ ಕೆಳಗೆ ಹಾಲಿನ ಸಮುದ್ರ ಕಾಣುತ್ತದೆ. ಈ ನೋಟಕ್ಕೇ ಇವತ್ತಿನ ಬೈಕುಗಳೂ ಬರುತ್ತಿರುವುದು.

ಕಬ್ಬನ್ ಕಾಲಕ್ಕೆ ಶುರುವಾದ ಈ ರೂಢಿ ಆಮೇಲೆ ನಿಲ್ಲಲೇ ಇಲ್ಲ. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಕಿರುಹಳಿ ರೈಲು ಬಂತು. ಆಗ ಮೈಸೂರು ದಿವಾನರಾಗಿದ್ದವರು ಇದೇ ಬೆಟ್ಟದ ಮಗ್ಗುಲಿನ ಮುದ್ದೇನಹಳ್ಳಿಯವರಾದ ಎಂ. ವಿಶ್ವೇಶ್ವರಯ್ಯ. ಆ ಸಾಲಿನಲ್ಲಿ ಬೆಟ್ಟಕ್ಕೆ ಹೋಗುವವರು ಇಳಿಯಲು ನಂದಿ ಹಾಲ್ಟ್ ಎಂಬ ಪುಟ್ಟ ನಿಲ್ದಾಣವಿದೆ. ಹೆಂಚಿನ ಮಾಡಿನ ಆ ಹಳೆ ಕಟ್ಟಡ ಈಗಲೂ ನಿಂತಿದೆ. ಸೊಪ್ಪು, ತರಕಾರಿ, ರೇಷ್ಮೆ ಪೇಟೆಗೆ ಹೋಗಲು ದಾರಿಯಾದ ಹಳಿಯ ಮೇಲೆಯೇ ಪೇಟೆಯವರು ಬೆಟ್ಟಕ್ಕೆ ಬಂದರು.

1927ರಲ್ಲಿ ಪ್ರವಾಸದ ನಡುವೆ ಆರೋಗ್ಯ ಕೆಟ್ಟ ಗಾಂಧೀಜಿ ವೈದ್ಯರ ಸಲಹೆಯಂತೆ ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ನಂದಿಯಲ್ಲಿ ವಿಶ್ರಾಂತಿ ಪಡೆದರು. 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದರು. 1986ರಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ನೆರೆಹೊರೆಯ ದೇಶಗಳ ನಾಯಕರು ಖಾಸಗಿ ಮಾತುಕತೆಗೆ ಬಂದದ್ದು ಇಲ್ಲಿಗೇ. 2025ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ವಿಧಾನಸೌಧ ಬಿಟ್ಟು ನಂದಿ ಬೆಟ್ಟದಲ್ಲಿ ಸಭೆ ಸೇರಿತು. ಸುಲ್ತಾನನಿಂದ ಸಂಪುಟದವರೆಗೆ ಅಧಿಕಾರದಲ್ಲಿದ್ದವರಿಗೆ ಈ ತುದಿ ಇಷ್ಟವಾಗುತ್ತಲೇ ಬಂದಿದೆ. ಇವರೆಲ್ಲರ ಹೆಸರು ಫಲಕ, ಪುಸ್ತಕಗಳಲ್ಲಿ ಸಿಗುತ್ತದೆ. ಇವರ ಪೆಟ್ಟಿಗೆ, ಹಾಸಿಗೆ, ಹಾಲು, ಸೌದೆಯನ್ನು ಮೇಲಕ್ಕೆ ಹೊತ್ತವರ ಹೆಸರು ಎಲ್ಲೂ ಇಲ್ಲ.

ರಜೆಯ ಬೆಟ್ಟ

ಹಾಗಾದರೆ ಸಾಮಾನ್ಯರ ಬೆಟ್ಟವಾದದ್ದು ಯಾವಾಗ? ಬಸ್ಸು ಬಂದ ಮೇಲೆ. ಶಾಲಾ ಪ್ರವಾಸ ಎಂದರೆ ನಂದಿ ಬೆಟ್ಟ ಎಂಬ ಕಾಲವೊಂದಿತ್ತು. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ ಕೋತಿಗಳಿಗೆ ಅರ್ಧ ಕಳೆದುಕೊಂಡು ಬಂದ ನೆನಪು ಕೋಲಾರ, ಬೆಂಗಳೂರು ಸೀಮೆಯ ಎಷ್ಟೋ ಮನೆಗಳಲ್ಲಿದೆ. ಕನ್ನಡ ಸಿನಿಮಾಗಳ ಹಾಡುಗಳೂ ಇಲ್ಲಿನ ಮಂಜನ್ನು ಊರೂರಿಗೆ ತಲುಪಿಸಿದವು.

ಬೈಕು, ಕಾರು ಮನೆಮನೆಗೆ ಬಂದ ಮೇಲೆ ಲೆಕ್ಕವೇ ಬದಲಾಯಿತು. 2008ರಲ್ಲಿ ದೇವನಹಳ್ಳಿ ಬಳಿ ಹೊಸ ವಿಮಾನ ನಿಲ್ದಾಣ ಶುರುವಾಗಿ ರಸ್ತೆ ಅಗಲವಾಯಿತು. ಬೆಂಗಳೂರಿನ ಯಾವುದೋ ಮೂಲೆಯಿಂದ ನಸುಕಿನಲ್ಲಿ ಹೊರಟು, ಸೂರ್ಯೋದಯ ನೋಡಿ, ತಿಂಡಿ ಹೊತ್ತಿಗೆ ಮನೆ ಸೇರುವುದು ಸಾಧ್ಯವಾಯಿತು. ಪಕ್ಕದ ಸ್ಕಂದಗಿರಿ ಚಾರಣವೂ ಇದೇ ಅಲೆಯಲ್ಲಿ ಹೆಸರಾಯಿತು. ಜನ ಹೆಚ್ಚಿದಂತೆ ನಿಯಮಗಳೂ ಬಂದವು: ಸಮಯದ ಮಿತಿ, ವಾಹನಗಳ ಮಿತಿ, ಆನ್‌ಲೈನ್ ಬುಕಿಂಗ್. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ತುದಿಗೆ ಹೋಗುವ ರಸ್ತೆ ಕೊಚ್ಚಿಹೋಯಿತು. ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು. ಆ ದಿನಗಳಲ್ಲಿ ಸೀಬೆಕಾಯಿ, ಸೌತೆಕಾಯಿ, ಕಡಲೆಕಾಯಿ ಮಾರುವವರ ಬುಟ್ಟಿಗಳೂ ಮನೆಯಲ್ಲೇ ಉಳಿದವು. ಬೆಟ್ಟದ ರಜೆ ಕೆಲವರಿಗೆ ಕೂಲಿ ಎಂಬುದು ಆಗ ಎದ್ದು ಕಂಡಿತು.

ಐದು ನದಿಗಳ ತವರಿನಲ್ಲಿ ನೀರಿಲ್ಲ

ಈಗ ಮುಖ್ಯ ಮಾತಿಗೆ ಬರೋಣ. ಬೆಂಗಳೂರಿಗೆ ನಂದಿ ಕೊಟ್ಟದ್ದು ತಂಗಾಳಿ ಮತ್ತು ನೋಟ ಮಾತ್ರವಲ್ಲ, ಕುಡಿಯುವ ನೀರನ್ನೂ ಕೊಟ್ಟಿದೆ.

ನಂದಿ ಮತ್ತು ಅದರ ಸುತ್ತಲಿನ ಬೆಟ್ಟ ಸಾಲನ್ನು ನದಿಗಳ ತವರು ಎನ್ನುತ್ತಾರೆ. ಅರ್ಕಾವತಿ ಇಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ರಾಮನಗರದ ಮೂಲಕ ಸಂಗಮದಲ್ಲಿ ಕಾವೇರಿ ಸೇರುತ್ತದೆ. ದಕ್ಷಿಣ ಪಿನಾಕಿನಿ ಮತ್ತು ಪಾಲಾರ್ ತಮಿಳುನಾಡಿನ ಕಡೆ, ಉತ್ತರ ಪಿನಾಕಿನಿ ಮತ್ತು ಚಿತ್ರಾವತಿ ಆಂಧ್ರದ ಕಡೆ ಹೋಗುತ್ತವೆ. ಬಂಡೆಯ ಬಿರುಕಿನಲ್ಲಿ ಇಂಗಿದ ಮಳೆ ಬುಡದಲ್ಲಿ ಒಸರಾಗಿ, ಹಳ್ಳವಾಗಿ, ಕೆರೆಗೆ ಬೀಳುತ್ತಿತ್ತು. ಒಂದು ಕೆರೆ ಕೋಡಿ ಬಿದ್ದರೆ ಮುಂದಿನ ಊರಿನ ಕೆರೆಗೆ ನೀರು. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಈ ಸೀಮೆಯಲ್ಲಿ ಕೆರೆಗಳ ಈ ಸರಪಳಿಯೇ ಬೇಸಾಯವನ್ನು ಸಾಕಿತು.

ಬೆಂಗಳೂರಿಗೆ ಹೊರಗಿನಿಂದ ಕೊಳವೆಯಲ್ಲಿ ನೀರು ತರುವ ಮೊದಲ ದೊಡ್ಡ ಯೋಜನೆಗೆ ಆರಿಸಿಕೊಂಡದ್ದು ಅರ್ಕಾವತಿಯನ್ನೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ ಹೆಸರಘಟ್ಟದ ಜಲಾಶಯ ಸಿದ್ಧವಾಯಿತು. ಊರು ಬೆಳೆದು ಅದು ಸಾಲದಾದಾಗ 1933ರಲ್ಲಿ ಇನ್ನೂ ಕೆಳಗೆ, ಅರ್ಕಾವತಿ ಮತ್ತು ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. 1974ರಲ್ಲಿ ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ಬಾಯಾರಿಕೆ ತಣಿಸಿದ್ದು ಹೆಚ್ಚಾಗಿ ಈ ನದಿಯೇ. ಹಳೆಯ ಬೆಂಗಳೂರಿನ ಮನೆಗಳು ಮೂರು ತಲೆಮಾರು ಕುಡಿದದ್ದು ನಂದಿಯ ಕಡೆಯಿಂದ ಬಂದ ನೀರು.

ಆ ನದಿ ಈಗ ಎಲ್ಲಿದೆ? ಜೋರು ಮಳೆಗಾಲ ಬಿಟ್ಟರೆ ಮೇಲ್ಭಾಗದಲ್ಲಿ ಹರಿವೇ ಇಲ್ಲ. ಕಾರಣಗಳು ಒಂದೆರಡಲ್ಲ. ಹಳ್ಳಗಳ ಪಾತ್ರ ಒತ್ತುವರಿಯಾಯಿತು. ಹೊಲಗಳಲ್ಲಿ ನೀಲಗಿರಿ ತೋಪುಗಳೆದ್ದು ಮಣ್ಣಿನ ತೇವ ಹೀರಿದವು. ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಬೆಟ್ಟಗುಡ್ಡಗಳನ್ನು ಕಲ್ಲುಕ್ವಾರಿಗಳು ಕೊರೆದವು. ದ್ರಾಕ್ಷಿ, ಹೂವು, ತರಕಾರಿ ಬೆಳೆದು ಬೆಂಗಳೂರಿನ ಮಾರುಕಟ್ಟೆ ತುಂಬಿಸಲು ರೈತರು ಬೋರ್‌ವೆಲ್ ಕೊರೆಸಿದರು. ಸಾವಿರ ಅಡಿ ದಾಟಿದರೂ ನೀರು ಬಾರದ ಬೋರ್‌ವೆಲ್‌ಗಳು, ಬಂದರೂ ಫ್ಲೋರೈಡ್ ಬೆರೆತ ನೀರು, ಸಾಲದ ಮೇಲೆ ಸಾಲ. ಚಿಕ್ಕಬಳ್ಳಾಪುರ, ಕೋಲಾರದ ಹಳ್ಳಿಗಳಲ್ಲಿ ಇದು ಯಾರಿಗೂ ಹೊಸದಾಗಿ ಹೇಳಬೇಕಾದ ಕಥೆಯಲ್ಲ.

ಇದಕ್ಕೆ ಸರ್ಕಾರ ಎರಡು ಪರಿಹಾರ ತಂದಿದೆ. ಎರಡೂ ನಂದಿಯ ಚರಿತ್ರೆಯನ್ನು ತಿರುವುಮುರುವು ಮಾಡುತ್ತವೆ. ಒಂದು, ಹೆಬ್ಬಾಳ–ನಾಗವಾರ ಕಣಿವೆ ಯೋಜನೆ, ಜನರ ಬಾಯಲ್ಲಿ ಎಚ್.ಎನ್. ವ್ಯಾಲಿ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಪಂಪ್ ಮಾಡಿ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಸೇರಿದಂತೆ ಹಲವು ಕೆರೆಗಳಿಗೆ ತುಂಬಿಸುತ್ತಾರೆ. ಒಣಗಿದ ಕೆರೆಯಲ್ಲಿ ನೀರು ನಿಂತದ್ದರಿಂದ ಸುತ್ತಲ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು ಎಂದು ಸಂತೋಷಪಡುವವರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡದೆ ಈ ನೀರು ಬಿಡಬೇಡಿ ಎಂದು ಹೋರಾಡುವವರೂ ಇದ್ದಾರೆ. ಬೆಂಗಳೂರಿಗೆ ಶುದ್ಧ ನೀರು ಕಳಿಸಿದ ಸೀಮೆಗೆ ನೂರಿಪ್ಪತ್ತು ವರ್ಷ ಕಳೆದ ಮೇಲೆ ಬೆಂಗಳೂರಿನಿಂದ ವಾಪಸು ಬಂದದ್ದು ಬಳಸಿ ಬಿಟ್ಟ ನೀರು.

ಎರಡನೆಯದು ಎತ್ತಿನಹೊಳೆ. ಸಕಲೇಶಪುರದ ಕಡೆಯ ಪಶ್ಚಿಮ ಘಟ್ಟದ ಹಳ್ಳಗಳ ಮಳೆನೀರನ್ನು ಎತ್ತಿ ಪೂರ್ವದ ಬಯಲುಸೀಮೆಗೆ ಹರಿಸುವ ಯೋಜನೆ. 2014ರಲ್ಲಿ ಇದರ ಶಂಕುಸ್ಥಾಪನೆ ನಡೆದದ್ದು ನಂದಿಯ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ. ಮೊದಲ ಹಂತಕ್ಕೆ ಸಕಲೇಶಪುರದ ಬಳಿ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಐದು ನದಿಗಳ ತವರಿಗೆ ನೀರು ತರಲು ಇನ್ನೊಂದು ಬೆಟ್ಟ ಸಾಲಿನ ಹೊಳೆಯನ್ನು ತಿರುಗಿಸಬೇಕಾಗಿದೆ. ಘಟ್ಟದ ಜನ ತಮ್ಮ ಕಾಡು, ನೇತ್ರಾವತಿ ಏನಾಗುತ್ತದೆ ಎಂದು ಕೇಳುತ್ತಿದ್ದಾರೆ. ನಮ್ಮಲ್ಲಿ ಎರಡೂ ಕಡೆಯ ಊರುಗಳಿಂದ ಬಂದವರಿದ್ದೇವೆ. ಇದರಲ್ಲಿ ಯಾರ ಸಂಕಟವೂ ಸುಳ್ಳಲ್ಲ ಎಂಬುದು ನಮಗೆ ಗೊತ್ತು.

ಹತ್ತುವವರಿಗೆ ನಾಲ್ಕು ಮಾತು

ಇಷ್ಟು ಹೇಳಿದ್ದು ವಾರಾಂತ್ಯಕ್ಕೆ ಬೆಟ್ಟಕ್ಕೆ ಹೋಗಬೇಡಿ ಎನ್ನುವುದಕ್ಕಲ್ಲ. ವಾರವಿಡೀ ನಾಲ್ಕು ಗೋಡೆ ನಡುವೆ ದುಡಿದವರಿಗೆ ಒಂದು ಬೆಳಗಿನ ತಂಗಾಳಿ ಬೇಕೇ ಬೇಕು. ಒಂದು ಕಾಲಕ್ಕೆ ಸುಲ್ತಾನ, ಕಮಿಷನರುಗಳಿಗೆ ಮಾತ್ರ ಸಿಗುತ್ತಿದ್ದ ಬೇಸಿಗೆಯ ತಂಪು ಇಂದು ಡೆಲಿವರಿ ಹುಡುಗನಿಗೂ, ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಸಿಗುತ್ತಿದೆ ಎನ್ನುವುದು ಸಣ್ಣ ಸಂಗತಿಯಲ್ಲ. ಆದರೆ ತುದಿಯನ್ನಷ್ಟೇ ನೋಡಿ ವಾಪಸಾದರೆ ನಾವೂ ಕಬ್ಬನ್ ಸಾಹೇಬರಂತೆಯೇ ಬಂದು ಹೋದ ಹಾಗಾಯಿತು.

ಹಾಗಾಗಿ ಮುಂದಿನ ಸಲ ಹೋಗುವಾಗ ಒಮ್ಮೆ ಸುಲ್ತಾನ್‌ಪೇಟೆಯಿಂದ ಮೆಟ್ಟಿಲು ಹತ್ತಿ ನೋಡಿ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಏದುಸಿರು ಬರುತ್ತದೆ, ಆದರೆ ಕೋಟೆಯ ಬಾಗಿಲುಗಳು, ಕಾವಲಿನ ಮೂಲೆಗಳು, ಬಂಡೆಯಲ್ಲಿ ನೀರು ಇಳಿಯುವ ಜಾಡು ಎಲ್ಲ ಕಾಣುವುದು ಆ ದಾರಿಯಲ್ಲೇ. ತುದಿಯ ಅಮೃತ ಸರೋವರದ ಮೆಟ್ಟಿಲ ಬಳಿ ನಿಂತು, ಬೆಟ್ಟವೊಂದು ನೀರನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಿ. ಇಳಿದ ಮೇಲೆ ನಂದಿ ಗ್ರಾಮದ ಗುಡಿ, ಅದರ ಶೃಂಗಿ ತೀರ್ಥದ ಕಲ್ಯಾಣಿ ನೋಡಿ. ಅಲ್ಲಿನ ಅಂಗಡಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಈ ವರ್ಷ ಕೆರೆಗೆ ನೀರು ಬಂತೇ ಎಂದು ಕೇಳಿ. ಕನ್ನಡದಲ್ಲಿ ಕೇಳಿದರೂ ಸರಿ, ತೆಲುಗಿನಲ್ಲಿ ಕೇಳಿದರೂ ಸರಿ, ಉತ್ತರ ಉದ್ದವಾಗಿರುತ್ತದೆ.

ಸಾಧ್ಯವಾದರೆ ಆಷಾಢದಲ್ಲಿ ಒಂದು ಸೋಮವಾರ ರಜೆ ಹಾಕಿ. ಊರಿನವರ ಜೊತೆ ಸೇರಿ ಬೆಟ್ಟವನ್ನು ಒಂದು ಸುತ್ತು ಹಾಕಿ ಬನ್ನಿ. ಆ ದಾರಿಯಲ್ಲಿ ಎಷ್ಟು ಕೆರೆಗಳು ಸಿಗುತ್ತವೆ, ಅವುಗಳಲ್ಲಿ ಎಷ್ಟರಲ್ಲಿ ಮಳೆಯ ನೀರಿದೆ ಎಂದು ನೀವೇ ಎಣಿಸಬಹುದು.